ಹಲ್ಲು ಮೂಡಿದ ನಾಲಿಗೆ

ಕಾಗದ ಕಾರ್ಖಾನೆಯ ಅನ್ನ ಉಂಡ ನಮ್ಮ ಮನೆಯಲ್ಲಿ ಕಾಗದ ಕತ್ತರಿಸಲು ಒಂದು ಕತ್ತರಿ ಇರಲಿಲ್ಲ. ಇದ್ದ ಎರಡೂ ಅಮ್ಮನವು. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಬೀದಿಯವರ ಬಟ್ಟೆ ಹೊಲಿಯುತ್ತಿದ್ದ ಅಮ್ಮನಿಗೆ ಒಂದೇ ಕಾನೂನು: ಬಟ್ಟೆಯ ಕತ್ತರಿ ಕಾಗದಕ್ಕೆ ತಾಗಬಾರದು, ತಾಗಿದರೆ ಅದರ ಹರಿತ ಹೋಗುತ್ತದೆ. ಎರಡರಲ್ಲಿ ಒಂದು ಸಾದಾ ಕತ್ತರಿ. ಇನ್ನೊಂದು ಜಿಗ್‌ಜಾಗ್ ಕತ್ತರಿ, ಅಲಗಿನ ತುಂಬ ಹಲ್ಲು. ನೇರವಾಗಿ ಕತ್ತರಿಸಿದ ಬಟ್ಟೆಯ ಅಂಚು ಎಳೆ ಬಿಡುತ್ತದೆ, ಹಲ್ಲು ಹಲ್ಲಾಗಿ ಕತ್ತರಿಸಿದರೆ ಬಿಡುವುದಿಲ್ಲ. ಅದನ್ನು ಅಮ್ಮ ಒಡವೆಯ ಹಾಗೆ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡುತ್ತಿದ್ದಳು. ಅಪ್ಪ ದಿನಕ್ಕೆ ನಲವತ್ತು ಟನ್ ಕಾಗದ ಮಾಡಿ ಮನೆಗೆ ಬಂದು, ಬಂದ ಲಕೋಟೆಯನ್ನು ಹಲ್ಲಿನಲ್ಲಿ ಕಚ್ಚಿ ಹರಿಯುತ್ತಿದ್ದರು.

ಅಪ್ಪ ಮೆಷಿನ್ನಿನ ಒದ್ದೆ ಭಾಗದ ಮೇಸ್ತ್ರಿ. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ಮೊಳದುದ್ದದ ಒಂದು ಮರದ ಕೋಲು ಸದಾ ಅವರ ಕಂಕುಳಲ್ಲಿ ಇರುತ್ತಿತ್ತು. ಅದರ ಒಂದು ತುದಿಯನ್ನು ಮೆಷಿನ್ನಿಗೆ ಒತ್ತಿ, ಇನ್ನೊಂದನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ ಯಾವ ಬೇರಿಂಗ್ ಯಾವ ವಾರ ಕೈ ಕೊಡುತ್ತದೆ ಎಂದು ಹೇಳುತ್ತಿದ್ದರು. ಹೆಚ್ಚಾಗಿ ಅದು ಅದೇ ವಾರ ಕೈ ಕೊಡುತ್ತಿತ್ತು. ನಾನು ಅದೇ ಕಾರ್ಖಾನೆಯ ಡಿಸೈನ್ ರೂಮಿಗೆ ಇಂಜಿನಿಯರ್ ಆಗಿ ಸೇರಿದ ದಿನದಿಂದ, ಗೇಟಿನ ಒಳಗೆ ಅವರು ನನ್ನನ್ನು ಮೇಡಂ ಎಂದೇ ಕರೆದರು. ಗೇಟು ದಾಟಿದ ಮೇಲೆ ಪುಟ್ಟಿ. ನನಗೆ ಎರಡೂ ಮುಜುಗರ.

ಕಾಗದ ಮಾಡುವುದೆಂದರೆ, ನಾರು ಕಲಸಿದ ನೀರನ್ನು ಓಡುವ ಜಾಲರಿಯ ಮೇಲೆ ಸಮನಾಗಿ ಸುರಿದು, ನೀರು ಇಳಿಸಿ, ಉಳಿದದ್ದನ್ನು ಒತ್ತಿ ಒಣಗಿಸುವುದು. ಸುರಿಯುವ ಕೆಲಸ ಹೆಡ್‌ಬಾಕ್ಸಿನದು. ನಮ್ಮಲ್ಲಿ ಅದಕ್ಕೆ ಬರೀ ಪೆಟ್ಟಿಗೆ ಎನ್ನುತ್ತಿದ್ದರು. ನನಗೆ ಇಪ್ಪತ್ತೊಂಬತ್ತು ವರ್ಷವಾಗಿದ್ದಾಗ ಮೂರು ಪದರದ ಕಾಗದಕ್ಕೆ ಒಂದು ಪೆಟ್ಟಿಗೆ ಬೇಕೆಂದು ಮ್ಯಾನೇಜರ್ ಹೇಳಿದರು. ಮೇಲೆ ಬಿಳಿ, ಕೆಳಗೆ ಬಿಳಿ, ನಡುವೆ ಹಳೆಯ ರಟ್ಟು ಅರೆದು ಮಾಡಿದ ಕಂದು ತಿರುಳು. ಮೂರನ್ನೂ ಒಂದೇ ಪೆಟ್ಟಿಗೆಯ ಬಾಯಿಂದ, ಒಂದರ ಮೇಲೊಂದು, ಒಂದೇ ಸಲಕ್ಕೆ ಸುರಿಯಬೇಕು. ನೂರು ಪಾಲಿನಲ್ಲಿ ತೊಂಬತ್ತೊಂಬತ್ತು ಬರೀ ನೀರೇ ಇರುವ ಈ ಮೂರು ಹೊಳೆಗಳು ಬೆರೆಯಬಾರದು. ಬೆರೆತರೆ ಬಿಳಿಯಲ್ಲಿ ಕಂದು ಕಾಣುತ್ತದೆ, ಆ ಕಾಗದವನ್ನು ಯಾರೂ ಮೂಸಿಯೂ ನೋಡುವುದಿಲ್ಲ.

ನಾನು ಆರು ತಿಂಗಳು ಬೇರೆ ಏನೂ ಮಾಡಲಿಲ್ಲ. ಪೆಟ್ಟಿಗೆಯ ಒಳಗೆ, ಹೊಳೆಗಳ ನಡುವೆ, ಬಾಯಿಯವರೆಗೂ ಚಾಚಿಕೊಂಡ ಎರಡು ತೆಳು ಫೈಬರ್ ಹಾಳೆಗಳನ್ನು ಡ್ರಾಯಿಂಗಿನಲ್ಲಿ ಬರೆದೆ. ಬಾಯಿ ಇದ್ದ ಮೇಲೆ ಅವಕ್ಕೆ ನಾಲಿಗೆ ಎಂಬ ಹೆಸರು ತಾನಾಗಿ ಬಂತು. ಎರಡು ನಾಲಿಗೆಯ ಪೆಟ್ಟಿಗೆಯನ್ನು ನಂಬುವುದು ಹೇಗೆ ಎಂದು ಫಿಟ್ಟರುಗಳು ನಗುತ್ತಿದ್ದರು.

ಡ್ರಾಯಿಂಗ್ ಮುಗಿದ ದಿನ ಮ್ಯಾನೇಜರ್ ಎಲ್ಲರನ್ನೂ ಸೇರಿಸಿದರು. ಅಪ್ಪ ಹಿಂದೆ ನಿಂತಿದ್ದರು. ಎಲ್ಲ ಮುಗಿದ ಮೇಲೆ ಮುಂದೆ ಬಂದು, ಒದ್ದೆ ಬೆರಳನ್ನು ಕಾಗದಕ್ಕೆ ತಾಗಿಸದೆ ಗಾಳಿಯಲ್ಲೇ ತೋರಿಸಿ ಹೇಳಿದರು: "ಮೇಡಂ, ಈ ನಾಲಿಗೆ ತುದಿ ಹೀಗೆ ನೇರ ಇದ್ರೆ ನೀರು ಅಲ್ಲಿ ಸುತ್ತುತ್ತೆ. ಉದ್ದಕ್ಕೂ ಒಂದೇ ಸಮ ಸುತ್ತಿದ್ರೆ ಮೇಲಿಂದು ಕೆಳಗಿಂದು ಒಂದಾಗಿಬಿಡುತ್ತೆ ಅನ್ಸುತ್ತೆ."

ಅಷ್ಟು ಜನರ ಮುಂದೆ ಅಪ್ಪ ನನ್ನನ್ನು ತಿದ್ದುತ್ತಿದ್ದಾರೆ ಎಂದು ನನ್ನ ಕಿವಿ ಬಿಸಿಯಾಯಿತು. "ಮೇಸ್ತ್ರಿಗಳೇ, ಇದು ಲೆಕ್ಕ ಹಾಕಿ ಬರೆದಿರೋದು. ಕೋಲು ಹಚ್ಚಿ ಕೇಳಿ ಬರೆದಿದ್ದಲ್ಲ" ಎಂದೆ.

ಯಾರೋ ನಕ್ಕರು. ಅಪ್ಪನೂ ಸ್ವಲ್ಪ ನಕ್ಕು, "ಸರಿ ಮೇಡಂ" ಎಂದು ಹಿಂದೆ ಸರಿದರು. ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಪೆಟ್ಟಿಗೆ ತಯಾರಾಗಿ, ಒಂದು ಗುರುವಾರ ಮೊದಲ ಟ್ರಯಲ್ ನಡೆಯಿತು. ಕಾಗದ ಮೋಡ ಕವಿದ ಹಾಗೆ ಬಂತು. ಬಿಳಿಯ ಉದ್ದಗಲಕ್ಕೂ ಕಂದು ಮಚ್ಚೆ. ಮ್ಯಾನೇಜರ್ ಮುಖ ಗಂಟಿಕ್ಕಿಕೊಂಡರು. ಸೋಮವಾರದವರೆಗೆ ಸಮಯ ಕೊಡಿ ಎಂದು ಬೇಡಿಕೊಂಡು, ಶುಕ್ರವಾರ, ಶನಿವಾರ, ಭಾನುವಾರ ಮೂರೂ ದಿನ ಡಿಸೈನ್ ರೂಮಿನಲ್ಲಿ ಕೂತು ಮೂರು ಪಂಪುಗಳ ವೇಗವನ್ನು ಮತ್ತೆ ಲೆಕ್ಕ ಹಾಕಿದೆ. ನಡುವಿನ ಹೊಳೆಯ ವೇಗ ಒಂದಿಷ್ಟು ತಗ್ಗಿಸಬೇಕು ಎಂದು ಬಂತು. ಸೋಮವಾರ ತಗ್ಗಿಸಿದೆವು. ಜಾಲರಿಯ ಮೇಲೆ ಹಾಲಿನ ಕೆನೆಯ ಹಾಗೆ ಬಿಳಿ ಹರಡಿಕೊಂಡಿತು. ಒಣಗಿ ಬಂದ ಹಾಳೆಯ ಅಂಚನ್ನು ಹರಿದರೆ ಬಿಳಿ, ಕಂದು, ಬಿಳಿ, ಮೂರೂ ಬೇರೆ ಬೇರೆ. ನಾನು ನಿಂತಲ್ಲೇ ಕುಣಿದೆ.

ಮೊದಲ ಒಳ್ಳೆಯ ಹಾಳೆಗೆ ಅದನ್ನು ಮಾಡಿಸಿದವರು ಸಹಿ ಹಾಕುವುದು ಕಾರ್ಖಾನೆಯ ರೂಢಿ. ನಾನು ಹಾಕಿ, ಪೆನ್ನನ್ನು ಅಪ್ಪನ ಕಡೆ ಚಾಚಿ, "ನೀವೂ ಹಾಕಿ" ಎಂದೆ. ಗೆದ್ದವಳ ಧಾರಾಳ. ಅವರು ಎರಡೂ ಕೈಯನ್ನು ಒಂದು ಹಳೇ ಬಟ್ಟೆಯಲ್ಲಿ ಸುತ್ತಿಕೊಂಡು ನಿಂತಿದ್ದರು. "ಬೇಡ ಮೇಡಂ, ಕೈ ಒದ್ದೆ ಇದೆ. ಮಸಿ ಹರಡುತ್ತೆ" ಎಂದರು. ಅವರ ಕೈ ಯಾವಾಗ ಒದ್ದೆ ಇರಲಿಲ್ಲ ಹೇಳಿ. ನಾನು ಒತ್ತಾಯಿಸಲಿಲ್ಲ.

ಆ ಹಾಳೆ ಕಟ್ಟು ಹಾಕಿಸಿಕೊಂಡು ಮ್ಯಾನೇಜರ್ ರೂಮಿನ ಗೋಡೆ ಏರಿತು. ನನಗೆ ಬಡ್ತಿ ಸಿಕ್ಕಿ, ದೂರದ ಹೆಡ್ಡಾಫೀಸಿಗೆ ವರ್ಗವಾಯಿತು. ಆ ಪೆಟ್ಟಿಗೆ ತೆರೆದದ್ದನ್ನು ನಾನು ಮತ್ತೆ ನೋಡಲೇ ಇಲ್ಲ. ಆಮೇಲೆ ಎಷ್ಟೋ ಕೆಲಸ ಮಾಡಿದೆ; ಎಲ್ಲವೂ ಹತ್ತು ಜನ ಸೇರಿ ಮಾಡಿದ್ದು. ಇದು ಮಾತ್ರ ನನ್ನದು ಎಂದು ಮೂವತ್ತೊಂದು ವರ್ಷ ಎದೆ ಮೇಲೆ ಕೈಯಿಟ್ಟು ಹೇಳಿಕೊಂಡು ಬಂದೆ. ಇನ್ನೊಂದು ಸಣ್ಣ ನೆನಪೂ ಇದೆ. ವರ್ಗವಾಗುವ ಮೊದಲು ಒಂದು ದಿನ ಅಮ್ಮನ ಜಿಗ್‌ಜಾಗ್ ಕತ್ತರಿ ತೆಗೆದು ನೋಡಿದರೆ ಅದು ಬಟ್ಟೆಯನ್ನು ಕತ್ತರಿಸದೆ ಅಗಿಯುತ್ತಿತ್ತು. ಈಗ ಮನೆಯ ಮಾಡು ಹಾರಿಹೋಗುತ್ತದೆ ಎಂದುಕೊಂಡೆ. ಅಮ್ಮ ಮಾತ್ರ, "ಹಳೇದಾಯ್ತು ಬಿಡು" ಎಂದು ಮತ್ತೆ ಸುತ್ತಿಟ್ಟಳು. ಆಶ್ಚರ್ಯವಾಗಿತ್ತು, ಮರೆತೂ ಹೋಯಿತು.

ಎರಡು ತಿಂಗಳ ಹಿಂದೆ ಒಂದು ಹೊಸ ಕಾರ್ಖಾನೆಯಿಂದ ಫೋನ್ ಬಂತು. ನನ್ನ ಡ್ರಾಯಿಂಗನ್ನೇ ಕೊಂಡು, ಒಂದು ಗೆರೆಯೂ ತಪ್ಪದ ಹಾಗೆ ಪೆಟ್ಟಿಗೆ ಮಾಡಿಸಿದ್ದಾರಂತೆ. ಮೂರು ಟ್ರಯಲ್ ಆಯಿತು, ಮೂರರಲ್ಲೂ ಮೋಡ. ಮಾತಾಡಿದವನು ಅಲ್ಲಿಯ ಎಳೆ ಇಂಜಿನಿಯರ್, ಮರ್ಯಾದಸ್ಥ. "ಮೇಡಂ, ನೀವು ಬರೆದಿರೋ ಪಂಪ್ ವೇಗಾನೇ ಇಟ್ಟಿದೀವಿ. ಇನ್ನೊಂದು ಟ್ರಯಲ್ ಮಾತ್ರ ಕೊಟ್ಟಿದಾರೆ. ಅದೂ ಹೋದ್ರೆ ಈ ಡಿಸೈನ್ ಕಿತ್ತು ಬೇರೆ ಹಾಕ್ತಾರಂತೆ" ಎಂದ. ನಾನು ನಿವೃತ್ತಿಯಾಗಿ ಎರಡು ವರ್ಷವಾಗಿತ್ತು. ನನ್ನದು ಎಂದು ಇದ್ದದ್ದು ಅದೊಂದೇ.

ಹಳೆಯ ಕಾರ್ಖಾನೆಯಲ್ಲಿ ನನ್ನ ಪೆಟ್ಟಿಗೆ ಮೊನ್ನೆ ಮೊನ್ನೆಯವರೆಗೂ ಬಿಳಿ ಬಿಳಿ ಕಾಗದ ಸುರಿಯುತ್ತಿತ್ತು. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ತಿಳಿಯಬೇಕಾದರೆ ಅದನ್ನು ಬಿಚ್ಚಿ ನೋಡಬೇಕು. ವಿಚಾರಿಸಿದರೆ, ಆ ಮೆಷಿನ್ನನ್ನು ಗುಜರಿಗೆ ಕೊಟ್ಟಾಗಿದೆ, ಇನ್ನೆರಡು ದಿನದಲ್ಲಿ ಕತ್ತರಿಸಲು ಬರುತ್ತಾರೆ ಎಂದರು. ಮರುದಿನವೇ ಬಸ್ಸು ಹತ್ತಿದೆ.

ಮೆಷಿನ್ ಹಾಲಿನಲ್ಲಿ ಸದ್ದಿರಲಿಲ್ಲ. ಆ ಜಾಗವನ್ನು ಸದ್ದಿಲ್ಲದೆ ನಾನು ನೋಡಿಯೇ ಇರಲಿಲ್ಲ. ಮೊದಲು ಅಲ್ಲಿ ಮಾತಾಡಬೇಕಾದರೆ ಕಿವಿಯ ಹತ್ತಿರ ಬಾಯಿಟ್ಟು ಕಿರುಚಬೇಕಿತ್ತು. ಈಗ ನನ್ನ ಚಪ್ಪಲಿಯ ಸದ್ದೇ ನನಗೆ ಜೋರಾಗಿ ಕೇಳಿತು. ಹಸಿ ತಿರುಳಿನ ವಾಸನೆ ಮಾತ್ರ ಹಾಗೇ ಇತ್ತು. ಅದು ಅಪ್ಪನ ಅಂಗಿಯ ವಾಸನೆ. ಅವರು ಹೋಗಿ ಹನ್ನೆರಡು ವರ್ಷವಾಗಿತ್ತು, ಆ ವಾಸನೆಗೆ ಮಾತ್ರ ಅದು ಗೊತ್ತಿದ್ದಂತಿರಲಿಲ್ಲ. ಕಂಬಕ್ಕೆ ಹೊಡೆದ ಮೊಳೆ ಇತ್ತು, ಅವರು ಕೋಲು ನೇತುಹಾಕುತ್ತಿದ್ದದ್ದು. ನಾನು ಅದನ್ನು ಒಮ್ಮೆ ಮುಟ್ಟಿ ನೋಡಿದೆ.

ಪೆಟ್ಟಿಗೆ ಬಿಚ್ಚಲು ಬಂದವನು ನಾನು ಚಿಕ್ಕಪ್ಪ ಎಂದು ಕರೆಯುತ್ತಿದ್ದ ಹಳೆಯ ಫಿಟ್ಟರ್. ಅಪ್ಪನ ಜೊತೆ ಇಪ್ಪತ್ತು ವರ್ಷ ದುಡಿದವನು, ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಶಾಲೆಗೆ ಬಿಟ್ಟವನು. ನಾನು ಕೇಳಿದೆನೆಂದು ಮನೆಯಿಂದ ಬಂದಿದ್ದ. ಬೋಲ್ಟು ಬಿಚ್ಚುತ್ತಾ ಮೊಮ್ಮಕ್ಕಳ ಸುದ್ದಿಯನ್ನೆಲ್ಲಾ ಹೇಳಿದ, ಪೆಟ್ಟಿಗೆಯ ವಿಷಯ ಬಂದಾಗ ಮಾತ್ರ ಮಾತು ಹಾರಿಸುತ್ತಿದ್ದ. ಮೇಲಿನ ಮುಚ್ಚಳ ಎತ್ತಿ, ನೀರು ಒರೆಸಿ, ಮೇಲಿನ ನಾಲಿಗೆಯನ್ನು ಹೊರಗೆಳೆದು ನನ್ನ ಮುಂದೆ ಹಿಡಿದ.

ಅದರ ತುದಿ ನೇರವಾಗಿರಲಿಲ್ಲ. ಈ ಕೊನೆಯಿಂದ ಆ ಕೊನೆಯವರೆಗೆ, ಮೂರು ಮೀಟರ್ ಉದ್ದಕ್ಕೆ, ಹಲ್ಲು. ಅಮ್ಮನ ಜಿಗ್‌ಜಾಗ್ ಕತ್ತರಿ ಬಿಟ್ಟ ಅಂಚಿನಂತಹ ಪುಟ್ಟ ಪುಟ್ಟ ಹಲ್ಲು.

"ಯಾರು ಮಾಡಿದ್ದು ಇದು?" ಎಂದೆ.

"ಈ ನಾಲಿಗೆ ನಾನೇ ಮಾಡಿದ್ದು, ನಾಲ್ಕು ವರ್ಷ ಆಯ್ತು. ಸವೆದಾಗೆಲ್ಲ ಹಳೇದನ್ನ ಅಚ್ಚು ಇಟ್ಕೊಂಡು ಹೊಸದಕ್ಕೆ ಹಲ್ಲು ಹಾಕ್ತೀವಿ."

"ನಾನು ಕೇಳ್ತಿರೋದು ಮೊದಲನೇದು."

ಅವನು ಸ್ಪ್ಯಾನರ್ ಕೆಳಗಿಟ್ಟು ಕೈ ಒರೆಸಿಕೊಂಡ. "ನಿಮ್ಮಪ್ಪ. ಆ ಭಾನುವಾರ ಮೆಷಿನ್ ನಿಂತಿತ್ತಲ್ಲ, ಬೆಳಿಗ್ಗೆ ಆರಕ್ಕೆ ಕೂತವರು ಸಂಜೆ ತನಕ ಏಳಲಿಲ್ಲ. ಮೂರು ಮೂಲೆ ಅರ ಹಿಡ್ಕೊಂಡು ಎರಡು ನಾಲಿಗೇನೂ ಉಜ್ಜಿದ್ರು. ಸಾವಿರದ ಇನ್ನೂರು ಹಲ್ಲು. ನಾನು ಕೊಡಿ ಅಂದ್ರೂ ಕೊಡಲಿಲ್ಲ. ನೀನು ಮೇಲೆ ಡಿಸೈನ್ ರೂಮಲ್ಲಿ ಲೆಕ್ಕ ಹಾಕ್ತಾ ಇದ್ದೆ, ಊಟಕ್ಕೂ ಇಳಿದು ಬರಲಿಲ್ಲ."

"ಯಾರಿಗೆಲ್ಲ ಗೊತ್ತು?"

"ಎಲ್ರಿಗೂ ಗೊತ್ತಮ್ಮ. ಮ್ಯಾನೇಜರಿಗೆ ಬಿಟ್ಟು, ನಿನಗೆ ಬಿಟ್ಟು. ಹೇಳಿದ್ರೆ ನನ್ನ ಮೇಲಾಣೆ ಅಂತ ಬಾಯಿಗೆ ಬೀಗ ಹಾಕಿದ್ರು."

ಬಸ್ಸಿನಲ್ಲಿ ಬರುವಾಗ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮೂವತ್ತೊಂದು ವರ್ಷ ನನ್ನನ್ನು ಮಂಗ ಮಾಡಿದರಲ್ಲ ಎಂದು. ಪಂಪಿನ ಲೆಕ್ಕವೇ ಗೆಲ್ಲಿಸಿತು ಎಂದು ನಾನು ಸಭೆ ಸಭೆಯಲ್ಲಿ ಹೇಳಿಕೊಂಡು ತಿರುಗಿದ್ದೆ. ಅದನ್ನು ಕೇಳಿ ಫಿಟ್ಟರುಗಳು ಒಳಗೊಳಗೇ ಎಷ್ಟು ನಕ್ಕರೋ. ಇನ್ನೊಂದು ಯೋಚನೆಯೂ ಬಂತು, ಮುಚ್ಚಿಡುವುದಿಲ್ಲ. ನಾಳೆಯೋ ನಾಡಿದ್ದೋ ಆ ನಾಲಿಗೆಗಳು ಗುಜರಿ ಸೇರುತ್ತವೆ. ನಾನು ಹೊಸಬರಿಗೆ ಫೋನ್ ಮಾಡಿ, ನನ್ನದೇ ಹೊಸ ಸುಧಾರಣೆ ಎಂದು ಹಲ್ಲಿನ ಡ್ರಾಯಿಂಗ್ ಕಳಿಸಿದರೆ ಕೇಳುವವರು ಯಾರು? ಮೂರು ನಿಲ್ದಾಣ ದಾಟುವವರೆಗೂ ಆ ಯೋಚನೆ ನನ್ನ ಪಕ್ಕದಲ್ಲೇ ಕೂತಿತ್ತು.

ಅಮ್ಮ ನನ್ನ ಜೊತೆಯೇ ಇರುವುದು. ಎಂಬತ್ತಮೂರು ವರ್ಷ, ಕಣ್ಣು ಮಂಜು, ನಾಲಿಗೆ ಚುರುಕು. ಮನೆಗೆ ಬಂದವಳೇ ಚೀಲವನ್ನೂ ಇಳಿಸದೆ ಕೇಳಿದೆ: "ನಿನ್ನ ಹಲ್ಲಿನ ಕತ್ತರಿ ಅಪ್ಪ ಯಾಕೆ ತಗೊಂಡ್ರು?"

ಅಮ್ಮ ದಿಂಬಿನ ಗವಸಿಗೆ ಗುಂಡಿ ಹಾಕುತ್ತಿದ್ದಳು. ಸೂಜಿ ನಿಂತಿತು. "ತಗೊಳ್ಳಲಿಲ್ಲ. ನಾನೇ ಕೊಟ್ಟೆ."

"ಕಾಗದ ಕತ್ತರಿಸೋಕೆ?"

"ರಟ್ಟು ಕಣೇ. ಕಾಗದ ಅಂದಿದ್ರೂ ಸಹಿಸ್ತಿದ್ದೆ" ಎಂದಳು ಅಮ್ಮ. ಆಮೇಲೆ ನಿಧಾನವಾಗಿ ಹೇಳಿದಳು. "ನೀನು ಎಲ್ಲರ ಮುಂದೆ ಅವರಿಗೆ ಅಂದೆಯಲ್ಲ, ಕೋಲು ಅಂತ ಏನೋ. ಮನೆಗೆ ಬಂದು, ನಮ್ಮ ಪುಟ್ಟಿ ಮ್ಯಾನೇಜರ್ ಮುಂದೆ ಹೆದರದೆ ಮಾತಾಡ್ತಾಳೆ ಅಂತ ಹೆಮ್ಮೆಯಿಂದ ಹೇಳಿದ್ರು. ಊಟ ಮಾತ್ರ ಎರಡು ದಿನ ಸೇರಲಿಲ್ಲ. ಗುರುವಾರ ಅದೇನೋ ಕೆಟ್ಟುಹೋಯ್ತಲ್ಲ, ಆವತ್ತು ಬಂದು ಇಲ್ಲೇ ಕೂತು, ನೇರ ತುದೀಲಿ ನೀರು ಬಿಚ್ಕೊಳ್ಳುತ್ತೆ, ಏನು ಮಾಡೋದು ಅಂದ್ರು. ನಾನು ಅಂದೆ, ನೇರ ಕತ್ತರಿಸಿದ್ರೆ ಯಾವುದು ತಾನೇ ಬಿಚ್ಕೊಳ್ಳಲ್ಲ, ಹಲ್ಲು ಹಾಕಿ ಅಂತ. ಕತ್ತರಿ ಕೊಟ್ಟೆ. ರಟ್ಟಿನಲ್ಲಿ ಅಚ್ಚು ಕತ್ತರಿಸ್ಕೊಂಡು ಹೋದ್ರು."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರಲ್ಲ ಒಂದು ಸಲ. ನೀನು ಕೇಳಿದೆಯಾ?"

ಆಗ ಅಳು ಬಂತು. ಅರವತ್ತು ದಾಟಿದವಳು ಚೀಲ ಹೆಗಲಲ್ಲಿಟ್ಟುಕೊಂಡೇ ಬಾಗಿಲಲ್ಲಿ ನಿಂತು ಅತ್ತೆ. ಅಮ್ಮ ಸಮಾಧಾನ ಮಾಡಲಿಲ್ಲ, ಗುಂಡಿ ಹಾಕಿ ಮುಗಿಸಿದಳು.

ಮರುದಿನ, ಅಲ್ಲಿ ಅಳೆದುಕೊಂಡು ಬಂದಿದ್ದ ಹಲ್ಲಿನ ಅಳತೆಯೆಲ್ಲ ಹಾಕಿ ನಾಲಿಗೆಯನ್ನು ಹೊಸದಾಗಿ ಬರೆದೆ. ಡ್ರಾಯಿಂಗಿನ ಮೂಲೆಯಲ್ಲಿ ತಿದ್ದಿದವರ ಹೆಸರಿಗೆ ಒಂದು ಪುಟ್ಟ ಚೌಕ ಇರುತ್ತದೆ. ಅಲ್ಲಿ ಅಪ್ಪನ ಪೂರ್ತಿ ಹೆಸರು ಬರೆದೆ, ಮುಂದೆ ಮೇಸ್ತ್ರಿ ಎಂದೂ ಬರೆದೆ. ತಾರೀಕಿನ ಜಾಗದಲ್ಲಿ ಮೂವತ್ತೊಂದು ವರ್ಷದ ಹಿಂದಿನ ಆ ಭಾನುವಾರ. ಪಂಪಿನ ಲೆಕ್ಕದಿಂದ ಏನೂ ಆಗಿರಲಿಲ್ಲ, ನನ್ನ ಮೂಲ ಡ್ರಾಯಿಂಗ್ ತಪ್ಪು ಎಂದು ಪತ್ರವನ್ನೂ ಜೊತೆಗಿಟ್ಟು ಕಳಿಸಿದೆ.

ಎರಡನೇ ದಿನ ಎಳೆ ಇಂಜಿನಿಯರ್ ಫೋನ್ ಮಾಡಿದ. "ಮೇಡಂ, ಮೇಸ್ತ್ರಿಗಳ ನಂಬರ್ ಸಿಗುತ್ತಾ? ಅವರ ಹತ್ರಾನೇ ಒಂದು ಡೌಟ್ ಕೇಳಬೇಕಿತ್ತು."

ಅಪ್ಪನನ್ನು ಹುಡುಕಿಕೊಂಡು ಒಬ್ಬ ಇಂಜಿನಿಯರ್ ಡೌಟ್ ಕೇಳಲು ಬಂದಿದ್ದ, ಹನ್ನೆರಡು ವರ್ಷ ತಡವಾಗಿ. "ಅವರು ಈಗಿಲ್ಲಪ್ಪ. ಏನು ಡೌಟ್ ಹೇಳು."

"ನಮ್ಮ ಮೆಷಿನ್ ಸ್ವಲ್ಪ ಜೋರಾಗಿ ಓಡುತ್ತೆ. ಹಲ್ಲು ಇಷ್ಟೇ ಇರಬೇಕಾ, ದೊಡ್ಡದು ಮಾಡಬೇಕಾ, ಸಣ್ಣದಾ?"

ನನ್ನ ಯಾವ ಲೆಕ್ಕದಲ್ಲೂ ಅದಕ್ಕೆ ಉತ್ತರವಿರಲಿಲ್ಲ. ಫೋನಿಗೆ ಕೈ ಅಡ್ಡ ಹಿಡಿದು ಅಮ್ಮನನ್ನು ಕೇಳಿದೆ. ಬೇಗ ಬೇಗ ಎಳೆ ಬಿಡೋ ಬಟ್ಟೆಯಾದರೆ ಹಲ್ಲು ಹೇಗಿರಬೇಕು ಎಂದು.

"ಒತ್ತಾಗಿ, ಸಣ್ಣದಾಗಿ" ಎಂದಳು ಅಮ್ಮ. "ಇಷ್ಟೂ ಗೊತ್ತಿಲ್ವಾ?"

"ಸಣ್ಣದು ಮಾಡಿ ನೋಡು. ಇದು ಲೆಕ್ಕ ಅಲ್ಲ, ಅಂದಾಜು. ಆದ್ರೆ ಬಲ್ಲವರ ಅಂದಾಜು" ಎಂದೆ ಫೋನಿನಲ್ಲಿ.

ಟ್ರಯಲ್ ದಿನ ನಾನೂ ಹೋಗಿದ್ದೆ. ಮನೆಯಲ್ಲಿ ಉಳಿದಿದ್ದ ಅಪ್ಪನ ಕೋಲನ್ನು ತೆಗೆದುಕೊಂಡು ಹೋಗಿದ್ದೆ. ಪಂಪುಗಳು ಶುರುವಾದ ಮೇಲೆ, ಯಾರು ನಗುತ್ತಾರೋ ನಗಲಿ ಎಂದು, ಒಂದು ತುದಿ ಪೆಟ್ಟಿಗೆಗೆ ಒತ್ತಿ ಇನ್ನೊಂದನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚಿದೆ. ಒಂದೇ ಸಮನೆ ಸಾಗುವ ಸದ್ದು ಕೇಳಿತು, ಎಲ್ಲೂ ತೊಡರು ಇರಲಿಲ್ಲ. ಅದು ಒಳ್ಳೆಯ ಸದ್ದೋ ಕೆಟ್ಟದ್ದೋ ನನಗೆ ತಿಳಿಯಲಿಲ್ಲ. ನಾನು ಅದನ್ನು ಅವರಿಂದ ಕಲಿತಿರಲಿಲ್ಲ. ಕಣ್ಣು ತೆರೆದರೆ ಜಾಲರಿಯ ಮೇಲೆ ಬಿಳಿ ಹರಡಿಕೊಳ್ಳುತ್ತಿತ್ತು. ಒಂದೂ ಮಚ್ಚೆ ಇಲ್ಲ.

ಅಲ್ಲಿಯೂ ಅದೇ ರೂಢಿಯಂತೆ. ಮೊದಲ ಹಾಳೆಯನ್ನು ಮೇಜಿನ ಮೇಲೆ ಹರಡಿದರು. ಎಳೆ ಇಂಜಿನಿಯರ್ ನನ್ನ ಮುಂದೆ ಪೆನ್ನು ಹಿಡಿದ. ಅವನ ಹತ್ತು ಬೆರಳಿನಲ್ಲಿ ಆರಕ್ಕೆ ಪಟ್ಟಿ ಸುತ್ತಿತ್ತು.

"ಏನಾಯ್ತು ಕೈಗೆ?" ಎಂದೆ.

"ಹಲ್ಲು ಹಾಕಿದ್ದು ನಾವೇ ಅಲ್ವಾ ಮೇಡಂ. ಅರ ಹಿಡಿದು ಎರಡು ದಿನ ಉಜ್ಜಿದ್ರೆ ಎಲ್ರ ಕೈನೂ ಹೀಗೇ ಆಗುತ್ತೆ. ಫೈಬರ್ ಸಿಬಿರು ಒಳಗೇ ಹೋಗಿಬಿಡುತ್ತೆ."

ನಾನು ಆ ಬೆರಳುಗಳನ್ನೇ ನೋಡಿದೆ. ಆ ಸೋಮವಾರ ಅಪ್ಪ ಎರಡೂ ಕೈಯನ್ನು ಹಳೇ ಬಟ್ಟೆಯಲ್ಲಿ ಸುತ್ತಿಕೊಂಡು ನಿಂತಿದ್ದರು. ನಾನು ಪೆನ್ನು ಚಾಚಿದಾಗ ಬಟ್ಟೆಯನ್ನು ಇನ್ನಷ್ಟು ಬಿಗಿದುಕೊಂಡಿದ್ದರು. ಒದ್ದೆ ಇದೆ ಎಂದಿದ್ದರು, ನಾನು ನಂಬಿದ್ದೆ.

"ಹಾಕಿ ಮೇಡಂ, ಎಲ್ರೂ ಕಾಯ್ತಿದಾರೆ" ಎಂದ ಅವನು.

"ನೀನೇ ಹಾಕಪ್ಪ, ಉಜ್ಜಿದವನು ನೀನು" ಎಂದು ಪೆನ್ನನ್ನು ಅವನ ಕಡೆ ತಳ್ಳಿದೆ. "ನನ್ನ ಕೈ ಒದ್ದೆ ಇದೆ. ಮಸಿ ಹರಡುತ್ತೆ."

ನನ್ನ ಕೈ ಒಣಗಿಯೇ ಇತ್ತು.